ಗುರುವಾರದ ಬಿಪಿ

ಎಸ್.ಎಸ್. ಬಡಾವಣೆ, ದಾವಣಗೆರೆ
೯ ಫೆಬ್ರುವರಿ ೨೦೨೫

ಪ್ರೀತಿಯ ಬುಷ್ರಾ,

ನಿನಗೆ ಸಲಾಮು, ಶರಣು, ಎರಡೂ. ಯಾವುದು ಬೇಕೋ ಅದನ್ನು ಇಟ್ಟುಕೊ. ದೀಪಾವಳಿ ಹೊತ್ತಿಗೆ ನೀನು ಬರೆದ ಕಾಗದಕ್ಕೆ ಶಿವರಾತ್ರಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದುಬಿಡು. ನಿನ್ನ ಕಿವಿ ಕೈಕೊಟ್ಟ ಮೇಲೆ ಫೋನು ನಮ್ಮಿಬ್ಬರಿಗೂ ದಂಡವಾಯಿತು. ಮೆಸೇಜು ಒತ್ತೋಣವೆಂದರೆ ನನ್ನ ಹೆಬ್ಬೆರಳಿಗೆ ಒಂದು ಅಕ್ಷರದ ಜಾಗದಲ್ಲಿ ಮೂರು ಸಿಗುತ್ತವೆ. ಹರಿಹರದ ಹೈಸ್ಕೂಲಿನಲ್ಲಿ ಬೆಂಚಿನ ಕೆಳಗೆ ಚೀಟಿ ದಾಟಿಸುತ್ತಿದ್ದವರು ಐವತ್ತೆಂಟನೇ ವಯಸ್ಸಿಗೆ ಮತ್ತೆ ಚೀಟಿಗೇ ಬಂದೆವು ನೋಡು.

ಇವತ್ತು ನಿನಗೊಂದು ತಮಾಷೆ ಬರೆಯುತ್ತೇನೆ. ನಾನೂ ನಮ್ಮನೆಯವರೂ ಕಾಲೇಜಿಗೆ ಹೋಗಿ ಜಗಳ ಆಡಿ ಬಂದೆವು.

ನಮ್ಮ ಮೈದುನನ ಮಗಳು ಅಂಕಿತಾ ಗೊತ್ತಲ್ಲ, ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಗಂಡ ಹೆಂಡತಿ ಜಗಳವಾಡುವಾಗ ಮೈಯೊಳಗೆ ಏನೇನಾಗುತ್ತದೆ, ಯಾವ ಸ್ವಭಾವದವರಿಗೆ ಹೇಗಾಗುತ್ತದೆ, ಅವರ ಸಂಸಾರ ಸುಖವಾಗಿದೆಯೋ ಇಲ್ಲವೋ, ಇದು ಅವಳ ಪ್ರಾಜೆಕ್ಟು. ಹೋದ ವಾರ ಮನೆಗೆ ಬಂದು ಕೂತಳು. "ದೊಡ್ಡಮ್ಮ, ಮೂವತ್ತು ಜೋಡಿ ಬೇಕು, ಇಪ್ಪತ್ತೊಂಬತ್ತು ಸಿಕ್ಕಾವೆ. ನೀವೂ ದೊಡ್ಡಪ್ಪನೂ ಬರ್ರಿ. ಹದಿನೈದು ನಿಮಿಷ ಜಗಳ ಆಡಿದ್ರೆ ಸಾಕು" ಎಂದಳು.

"ಹದಿನೈದು ನಿಮಿಷದಾಗ ನನ್ನ ಗಂಟ್ಲೂ ಬಿಸಿ ಆಗಲ್ಲ" ಎಂದೆ ನಾನು. ಇವರು ಪೇಪರಿನಿಂದ ತಲೆ ಎತ್ತದೆ, "ಹುಡುಗಿ ಕೇಳ್ತಾಳೆ, ಹೋಗಿ ಬರಾನ" ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದು ಆ ತಿಂಗಳಲ್ಲಿ ಅದೇ ಮೊದಲು ಇರಬೇಕು.

ಅಲ್ಲಿ ಮೊದಲು ಒಂದು ಉದ್ದನೆಯ ಪ್ರಶ್ನೆ ಪತ್ರಿಕೆ ಕೊಟ್ಟರು. ನಾನು ಬೇಗ ರೇಗುತ್ತೇನೆ, ಹೌದೇ ಅಲ್ಲವೇ. ನಾನು ಮನಸ್ಸಿನಲ್ಲಿದ್ದುದನ್ನು ಹೇಳಿಬಿಡುತ್ತೇನೆ, ಹೌದೇ ಅಲ್ಲವೇ. ನಾನು ಟಕಟಕ ಗುರುತು ಹಾಕಿ ಮುಗಿಸಿದೆ. ಇವರು ಒಂದೊಂದು ಪ್ರಶ್ನೆಗೂ ಪೆನ್ನಿನ ಕ್ಯಾಪು ಹಾಕಿ ತೆಗೆದು ಕೂತರು. ಕೊನೆಯಲ್ಲಿ ನಿಮ್ಮ ದಾಂಪತ್ಯದ ಬಗ್ಗೆ ನಿಮಗೆ ಎಷ್ಟು ತೃಪ್ತಿ, ಒಂದರಿಂದ ಏಳರವರೆಗೆ ಗುರುತು ಮಾಡಿ ಅಂತ ಇತ್ತು. ನಾನು ಮೂರು ಹಾಕಿದೆ. ಬೇಕೆಂದೇ ಹಾಕಿದೆ.

ಆಮೇಲೆ ಎದುರು ಬದುರು ಎರಡು ಕುರ್ಚಿ. ತೋಳಿಗೆ ನೀನು ಆಸ್ಪತ್ರೆಯಲ್ಲಿ ಕಟ್ಟುತ್ತಿದ್ದಂಥ ಬಿಪಿ ಪಟ್ಟಿ, ಒಂದು ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು, ಇನ್ನೆರಡು ಬೆರಳಿಗೆ ವೈರು. ಅಂಗೈ ಬೆವರುವುದನ್ನೂ ಅಳೆಯುತ್ತದಂತೆ ಅದು. ನಿಮ್ಮಿಬ್ಬರ ನಡುವೆ ಬಗೆಹರಿಯದ ಒಂದು ವಿಷಯ ತೆಗೆದುಕೊಂಡು ಮಾತಾಡ್ರಿ ಅಂತ ಹೇಳಿ ಅಂಕಿತಾ ಗಾಜಿನ ಆಚೆ ಹೋಗಿ ಕೂತಳು.

ಬಗೆಹರಿಯದ ವಿಷಯ ಒಂದೇ ಬುಷ್ರಾ, ನಿನಗೆ ಗೊತ್ತು. ಅತ್ತೆಮನೆ ಭಾನುವಳ್ಳಿಯಲ್ಲಿ ಆ ತೊಟ್ಟಿಲ ಕಾರ್ಯದ ದಿನ. ಮುತ್ತೈದೆಯರು ಒಬ್ಬರಾದ ಮೇಲೆ ಒಬ್ಬರು ಕೂಸನ್ನು ತೊಟ್ಟಿಲಿಗೆ ಹಾಕುತ್ತಿದ್ದರು. ನನ್ನ ಸರದಿ ಬಂದಾಗ ನಮ್ಮತ್ತೆ ಕೂಸನ್ನು ನನ್ನ ಕೈಯಿಂದ ಎತ್ತಿಕೊಂಡು, "ನೀ ಬ್ಯಾಡ ನಾಗಮ್ಮ, ಹೆತ್ತ ಕೈ ಹಾಕ್ಲಿ" ಎಂದರು. ಮದುವೆಯಾಗಿ ಎಂಟು ವರ್ಷವಾಗಿತ್ತು ಆಗ. ಇಡೀ ಪಡಸಾಲೆ ನನ್ನನ್ನೇ ನೋಡಿತು. ನಾನು ಇವರನ್ನು ನೋಡಿದೆ. ಇವರು ಕಂಬದ ಹತ್ತಿರ ನಿಂತಿದ್ದವರು ತುಟಿ ಪಿಟಕ್ಕೆನ್ನಲಿಲ್ಲ. ಒಳಗೆ ಹೋಗಿ, ಕೈಕಾಲು ತೊಳೆದು, ಮಟಮಟ ಮಧ್ಯಾಹ್ನ ಪೂಜೆಗೆ ಕೂತರು.

ಅವತ್ತಿನಿಂದ ಅದೇ ಚಾಳಿ. ನಾನು ದನಿ ಎತ್ತಿದರೆ ಸಾಕು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟುಬಿಡುತ್ತಾರೆ. ಪೂಜೆಗೆ ಕೂತವರನ್ನು ಮಾತಾಡಿಸಬಾರದು, ಆ ಕೋಣೆಗೆ ಕಾಲಿಡಬಾರದು, ಇದು ಅತ್ತೆಯ ಕಾಲದ ಕಟ್ಟಳೆ. ಬೇರೆಯವರ ಗಂಡಂದಿರು ಜಗಳವಾದರೆ ಬೀಡಾ ಅಂಗಡಿಗೆ ಹೋಗುತ್ತಾರೆ, ನನ್ನ ಗಂಡ ಶಿವನ ಹತ್ತಿರ ಹೋಗುತ್ತಾರೆ. ಬೀಡಾ ಅಂಗಡಿಯಾದರೆ ಹಿಂದೆ ಹೋಗಿ ಜುಟ್ಟು ಹಿಡಿಯಬಹುದು. ಇದಕ್ಕೇನು ಮಾಡಲಿ? ಹೊರಗೆ ನಿಂತು ಪಾತ್ರೆ ಕುಕ್ಕುತ್ತೇನೆ, ಅಷ್ಟೇ.

ಆ ಕುರ್ಚಿಯಲ್ಲಿ ಪೂಜೆಗೆ ಕೂರಲು ದಾರಿ ಇರಲಿಲ್ಲ. ಕೈಗೆ ವೈರು ಕಟ್ಟಿದ್ದರು. ಇಪ್ಪತ್ಮೂರು ವರ್ಷದ್ದನ್ನೆಲ್ಲ ಸುರಿದೆ. ಆ ತೊಟ್ಟಿಲ ಕೂಸೇ ಗಾಜಿನ ಆಚೆ ಕೂತ ಅಂಕಿತಾ ಅನ್ನುವುದು ನೆನಪಾಗುವಷ್ಟರಲ್ಲಿ ಮಾತು ಬಾಯಿ ದಾಟಿತ್ತು. ಹದಿನೈದು ನಿಮಿಷದಲ್ಲಿ ಇವರು ಆಡಿದ್ದು ಎರಡೇ ಮಾತು: "ಆತು ಬಿಡು."

ಮುಗಿದ ಮೇಲೆ ಅಂಕಿತಾ ಕಂಪ್ಯೂಟರಿನಲ್ಲಿ ಎರಡು ಗೆರೆ ತೋರಿಸಿದಳು. ಅವಳ ಮುಖ ಬಾಡಿತ್ತು, ಪಾಪ. ಕೆಂಪು ಗೆರೆ ಹಾರಿ ಹಾರಿ ಮೇಲೆ ಹೋಗಿತ್ತು, ನೀಲಿ ಗೆರೆ ನಮ್ಮ ಭದ್ರಾ ಕಾಲುವೆಯ ಹಾಗೆ ಸಪಾಟಾಗಿತ್ತು. ಕೆಂಪಿನದು ನಾನೇ ಅಂದುಕೊಂಡೆ. ಅಲ್ಲ! ನಾನು ಅಷ್ಟು ಅರಚುವಾಗ ನನ್ನ ಎದೆ ನಿಮಿಷಕ್ಕೆ ಎಪ್ಪತ್ತೆಂಟು ಸಲ ಬಡಿದಿದೆ. ಕಲ್ಲಿನ ಹಾಗೆ ಕೂತಿದ್ದ ಇವರದು ನೂರಾ ಇಪ್ಪತ್ತನಾಲ್ಕು.

"ಯಂತ್ರ ಕೆಟ್ಟೈತೇನೋ ನೋಡೇ" ಎಂದೆ.

"ಇಲ್ಲ ದೊಡ್ಡಮ್ಮ. ಕೆಲವ್ರದ್ದು ಬಾಯಾಗ ಬಂದು ಹೋಗಿಬಿಡ್ತೈತೆ, ಮೈ ತಣ್ಣಗಿರ್ತೈತೆ. ಕೆಲವ್ರು ಸುಮ್ನೆ ಕುಂತಿರ್ತಾರೆ, ಒಳಗ ಬೆಂಕಿ ಹತ್ತಿರ್ತೈತೆ. ದೊಡ್ಡಪ್ಪ ಮಾತಾಡಬಾರ್ದು ಅಂತ ಸುಮ್ನಿರಲ್ಲ. ಆ ಹೊತ್ತಿನಾಗ ಅವ್ರಿಗೆ ಮಾತು ಬರದೇ ಇಲ್ಲ ಅನ್ನಿಸ್ತೈತೆ" ಎಂದಳು.

ಇವರು ತೋಳಿನ ಪಟ್ಟಿ ತಾವೇ ಬಿಚ್ಚಿಕೊಂಡು, ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಬರುವಾಗ ಸ್ಕೂಟರಿನಲ್ಲಿ ನನಗೆ ನಗು ಬರುತ್ತಿತ್ತು ಬುಷ್ರಾ, ನಿಜ ಹೇಳುತ್ತೇನೆ. ಮೂವತ್ತೊಂದು ವರ್ಷದಿಂದ ಕಲ್ಲು ಕಲ್ಲು ಅಂತ ಬೈದದ್ದು, ಒಳಗೆ ನೋಡಿದರೆ ಗಿರಣಿ! ಹೊರಗೆ ಗೇಟು ಹಾಕಿದೆ, ಒಳಗೆ ಮಗ್ಗಗಳೆಲ್ಲ ಓಡುತ್ತಿವೆ.

ನಿನ್ನ ತಂಗಿಗೆ ನನ್ನ ನೆನಪು ಹೇಳು. ಸಕ್ಕರೆ ನೋಡಿಕೊ. ದೇವರು ನಿನ್ನ ಕಿವಿ ಕಿತ್ತುಕೊಂಡರೂ ಕಣ್ಣು ಬಿಟ್ಟಿದ್ದಾನೆ, ನನ್ನ ಕಾಗದ ಓದಲಿ ಅಂತ.

ನಿನ್ನ
ನಾಗಿ

ತಾ.ಕ.: ಇವರ ಪ್ರಶ್ನೆ ಪತ್ರಿಕೆಯ ಮೇಲೆ ಕಣ್ಣು ಹಾಯಿಸಿದೆ. ಏಳಕ್ಕೆ ಆರು ಹಾಕಿದ್ದಾರೆ. ಪರೀಕ್ಷೆಯಲ್ಲಿ ಸುಳ್ಳು ಬರೆಯಬಾರದು ಅಂತ ಇವರಿಗೆ ಯಾರೂ ಕಲಿಸಲಿಲ್ಲವೇ?


ದಾವಣಗೆರೆ
೨೦ ಏಪ್ರಿಲ್ ೨೦೨೫

ಬುಷ್ರಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೇ ಇದ್ದುದಕ್ಕೆ ಸೋಮಾರಿತನ ಕಾರಣವಲ್ಲ, ನಾಚಿಕೆ. "ಅದನ್ನು ನೀನು ತಮಾಷೆ ಅಂತ ಯಾಕೆ ಬರೆದೆ?" ಎಂದು ಒಂದೇ ಸಾಲು ಕೇಳಿದ್ದೀಯ. ನಿನ್ನ ಕಾಗದ ಬರುವಷ್ಟರಲ್ಲಿ ನಾನು ಆ ತಮಾಷೆಯನ್ನು ಇನ್ನೂ ದೊಡ್ಡದು ಮಾಡಿಕೊಂಡಿದ್ದೆ.

ಕ್ರಮವಾಗಿ ಹೇಳುತ್ತೇನೆ. ಅಂಕಿತಾಳ ಮೇಡಮ್ಮು ಇವರ ಬಿಪಿ ನೋಡಿ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದ್ದರು. ತೋರಿಸಿದೆವು. ನೂರಾ ಎಪ್ಪತ್ತು, ನೂರು. ಮಾತ್ರೆ ಬರೆದರು. ಉಪ್ಪಿನಕಾಯಿ ಭರಣಿ ಅಟ್ಟ ಹತ್ತಿತು. ಮನೆಗೊಂದು ಯಂತ್ರ ಬಂತು, ಬೆಳಿಗ್ಗೆ ಸಂಜೆ ನೋಡಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂದರು. ಇಷ್ಟೇ ಆಗಿದ್ದರೆ ಏನೂ ಇರಲಿಲ್ಲ. ಎದ್ದು ಬರುವಾಗ ಆ ಡಾಕ್ಟರು, "ಯಜಮಾನ್ರೇ, ಮನಸ್ಸಿಗೆ ತ್ರಾಸ ಆಗೋ ಕಡೆ ಜಾಸ್ತಿ ಇರಬ್ಯಾಡ್ರಿ" ಅಂದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಇವರು ನನ್ನ ಕಡೆ ನೋಡಲಿಲ್ಲ. ನೋಡಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಾದ ವಾರಕ್ಕೆ ಆನಗೋಡಿನಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ. ಹೆಂಗಸರೆಲ್ಲ ಊಟಕ್ಕೆ ಕೂತಿದ್ದೆವು. ಯಾರೋ, "ನಿಮ್ಮ ಯಜಮಾನ್ರು ಬಾಳ ಶಾಂತ ಸ್ವಭಾವ ಬಿಡ್ರಿ" ಎಂದರು. ನನಗೆ ತಡೆಯಲಾಗಲಿಲ್ಲ. ಕಾಲೇಜಿನ ಕಥೆ ತೆಗೆದೆ. ಕೆಂಪು ಗೆರೆ, ನೀಲಿ ಗೆರೆ, ಗಿರಣಿ, ಗೇಟು, ಮಗ್ಗ, ಒಂದೂ ಬಿಡಲಿಲ್ಲ. "ಶಾಂತ ಎಲ್ಲಿಂದ ಬಂತ್ರಿ, ನನ್ನ ದನಿ ಕೇಳಿದ್ರ ಅವ್ರ ಎದಿ ನೂರಾ ಇಪ್ಪತ್ತನಾಲ್ಕು ಬಡಿತೈತೆ, ಹುಲಿ ಕಂಡ ಕರುವಿನಂಗ" ಎಂದೆ. ಪಂಕ್ತಿ ಪಂಕ್ತಿಯೇ ನಕ್ಕಿತು. ನನ್ನ ಮಾತಿಗೆ ಜನ ನಕ್ಕರೆ ನನಗೆ ಮೈಮರೆವು, ನಿನಗೆ ಗೊತ್ತಿದ್ದದ್ದೇ.

ಇವರು ನನ್ನ ಹಿಂದೆಯೇ ನಿಂತಿದ್ದರು. ಕೈಯಲ್ಲಿ ನನಗೇ ತಂದಿದ್ದ ಮಜ್ಜಿಗೆ ಲೋಟವಿತ್ತು.

ಲೋಟವನ್ನು ನನ್ನ ಎಲೆಯ ಪಕ್ಕ ಇಟ್ಟು ಹೋದರು. ಅವತ್ತು ಮನೆಗೆ ಬಂದು ಪೂಜೆಗೂ ಕೂರಲಿಲ್ಲ. ಮರುದಿನ ಬೆಳಿಗ್ಗೆ ಎರಡು ಪಂಚೆ, ಅಂಗಿ, ವಿಭೂತಿ ಗಟ್ಟಿ, ಬಿಪಿ ಯಂತ್ರ ಇಷ್ಟನ್ನೂ ಚೀಲಕ್ಕೆ ಹಾಕಿಕೊಂಡು, "ದಿನಾ ಸ್ಕೂಟರಿನ್ಯಾಗ ಓಡಾಡೋದು ಬ್ಯಾಡ ಅಂದಾರೆ ಡಾಕ್ಟ್ರು. ಹರಿಹರದ ಅಂಗಡಿ ಮ್ಯಾಲಿನ ರೂಮಿನಾಗ ಇರ್ತೀನಿ" ಎಂದರು. ಡಾಕ್ಟರು ಸ್ಕೂಟರಿನ ಸುದ್ದಿಯನ್ನೇ ಎತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಪಂಪ್‌ಸೆಟ್ ಸಾಮಾನಿನ ಅಂಗಡಿಗೆ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದ ಮನುಷ್ಯ, ಹದಿನಾಲ್ಕು ಕಿಲೋಮೀಟರು ದೂರವಾಯಿತೇ?

ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ. ಬಂದದ್ದು, "ಹೋಗ್ರಿ ಹೋಗ್ರಿ, ಅಲ್ಲೇ ಒಂದು ಮಠ ಕಟ್ಕೊಂಡು ಕೂಡ್ರಿ!" ನನ್ನ ಎದೆ ಎಪ್ಪತ್ತೆಂಟು ಬಡಿದರೇನು ಬಂತು, ನಾಲಿಗೆಗೆ ಯಾವ ಯಂತ್ರ ಕಟ್ಟಿ ನೋಡಲಿ?

ಅವರು ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತರು. ತುಟಿ ಅಲುಗಿತು. ಆಮೇಲೆ, "ಬರ್ತೀನಿ" ಎಂದರು.

ಭಾನುವಾರ ಭಾನುವಾರ ಬಂದು ಹೋಗುತ್ತೇನೆ ಎಂದವರು ಎರಡು ಭಾನುವಾರ ಬಂದರು. ಆಮೇಲೆ ಬೋರು ರಿಪೇರಿ, ಗಿರಾಕಿ, ಬಿಸಿಲು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಒಬ್ಬಳೇ ಉಂಡು ಒಬ್ಬಳೇ ಮಲಗಿದರೆ ಅದು ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳಿಲ್ಲ. ಮನೆಯಲ್ಲಿ ಬೈಯಲು ಯಾರೂ ಇಲ್ಲ. ನಿನ್ನೆ ಗೋಡೆ ಗಡಿಯಾರಕ್ಕೆ ಬೈದೆ, ಅದು ಎದ್ದು ಹೋಗಿ ಪೂಜೆಗೂ ಕೂರಲಿಲ್ಲ.

ಈ ಗುರುವಾರ ನಾನೇ ರೊಟ್ಟಿ ಕಟ್ಟಿಕೊಂಡು ಹೋಗುವುದು ಅಂತ ನಿರ್ಧರಿಸಿದ್ದೇನೆ. ಗುರುವಾರ ಅಂಗಡಿಗೆ ಗಿರಾಕಿ ಕಡಿಮೆ. ಬಾಯಿಗೆ ಬೀಗ ಹಾಕಿಕೊಂಡು ಹೋಗುತ್ತೇನೆ. ನೀನು ನಿನ್ನ ನಮಾಜಿನಲ್ಲಿ ಒಂದು ಮಾತು ಹೇಳು, ಆ ಬೀಗ ಗಟ್ಟಿಯಾಗಿರಲಿ ಅಂತ.

ನಾಗಿ

ತಾ.ಕ.: ಅವತ್ತು ಮಜ್ಜಿಗೆಗೆ ಅವರು ಉಪ್ಪು ಹಾಕಿಸಿ ತಂದಿದ್ದರು. ತಮಗೆ ಬಿಟ್ಟ ಉಪ್ಪನ್ನು ನನಗೆ ಮರೆಯದೆ ಹಾಕಿಸಿದ್ದರು.


ದಾವಣಗೆರೆ
೧೩ ಜುಲೈ ೨೦೨೫

ಪ್ರೀತಿಯ ಬುಷ್ರಾ,

ನೀನು ಎರಡು ಕಾಗದ ಬರೆದೆ, ನಾನು ಒಂದಕ್ಕೂ ಬರೆಯಲಿಲ್ಲ. ಕ್ಷಮಿಸು ಅನ್ನುವುದಕ್ಕೆ ಮುಖವಿಲ್ಲ. ನಿನ್ನ ಕಣ್ಣಿನ ಆಪರೇಷನ್ ಸಸೂತ್ರವಾಯಿತು ಎಂದು ಓದಿ ಸಮಾಧಾನವಾಯಿತು. ಈ ಕಾಗದದ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಿನಗೆ ಸುಲಭವಾಗಲಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಅಂಕಿತಾ ಪಾಸಾದಳು. ಪೇಡೆ ತಂದಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ದೊಡ್ಡಮ್ಮ, ಆವತ್ತು ನನಗೆ ಗೊತ್ತಿರಲಿಲ್ಲ" ಎಂದು ಅತ್ತಳು. "ತೊಟ್ಟಿಲಾಗಿದ್ದ ಕೂಸಿಗೆ ಏನು ಗೊತ್ತಿರ್ತೈತೆ ಹುಚ್ಚಿ" ಎಂದು ತಲೆ ಸವರಿ ಕಳಿಸಿದೆ. ಆಮೇಲೆ ನನಗೂ ಸ್ವಲ್ಪ ಅಳು ಬಂತು, ಅಡಿಗೆ ಮನೆಗೆ ಹೋಗಿ ಅತ್ತು ಬಂದೆ.

ಹರಿಹರಕ್ಕೆ ಆರು ಗುರುವಾರ ಹೋದೆ. ಮೊದಲ ಸಲ ಅಂಗಡಿ ಮುಂದೆ ಬಸ್ಸಿನ ಧೂಳು ಕೊಡವಿಕೊಂಡು ನಿಂತಾಗ ಇವರು ನನ್ನನ್ನು ನೋಡಿ ಕೈಲಿದ್ದ ಪೈಪಿನ ತುಂಡು ಕೆಳಗೆ ಹಾಕಿದರು. "ಬಿಸಿಲಾಗ ಯಾಕ ಬಂದಿ?" ಎಂದರು. "ರೊಟ್ಟಿ ತಂದೀನಿ" ಎಂದೆ. ಅಷ್ಟೇ ಮಾತು. ಮೇಲಿನ ರೂಮಿನಲ್ಲಿ ಒಂದು ಮಂಚ, ಒಂದು ಸ್ಟೂಲು, ಗೋಡೆಗೆ ಒರಗಿಸಿದ ಪಿವಿಸಿ ಪೈಪುಗಳು. ಊಟ ಖಾನಾವಳಿಯಿಂದ ಬರುತ್ತದೆ. ನಾನು ಬಡಿಸಿದೆ, ಅವರು ಉಂಡರು. ಬೀಗ ಗಟ್ಟಿಯಾಗಿತ್ತು ಬುಷ್ರಾ, ನಿನ್ನ ದುವಾಕ್ಕೆ ಬಲವಿದೆ. ಆ ಆರು ಗುರುವಾರಗಳಲ್ಲಿ ಒಂದು ಒರಟು ಮಾತು ನನ್ನ ಬಾಯಿಂದ ಬೀಳಲಿಲ್ಲ. ಇಬ್ಬರೂ ಕಿಟಕಿಯಲ್ಲಿ ಕೂತು ರಸ್ತೆ ನೋಡುತ್ತಿದ್ದೆವು. ನಾಲ್ಕರ ಬಸ್ಸಿಗೆ ಅವರು ನಿಲ್ದಾಣದ ತನಕ ಬಂದು ಸೀಟು ಹಿಡಿದು ಕೊಡುತ್ತಿದ್ದರು.

ಪಕ್ಕದಲ್ಲಿ ಮೋಟರ್ ವೈಂಡಿಂಗ್ ಮಾಡುವ ಮೌಲಾ ಸಾಬ್ ಇದ್ದಾರೆ, ಬಾಯಿ ತುಂಬ ಮಾತಾಡುವ ಮನುಷ್ಯ. ಒಂದು ದಿನ ಹೇಳಿದರು, "ಅಕ್ಕಾರೆ, ಗುರುವಾರ ಬಂತಂದ್ರೆ ಅಣ್ಣಾರು ಬೆಳಿಗ್ಗಿಂದ ಕುಂತಲ್ಲಿ ಕುಂದ್ರಲ್ಲ. ಗಿರಾಕಿ ವಾಶರ್ ಕೇಳಿದ್ರೆ ವಾಲ್ವ್ ಕೊಡ್ತಾರೆ. ಬಸ್ಸಿನ ಹಾರ್ನ್ ಆತು ಅಂದ್ರೆ ಹೊರಗ ಬಂದು ನಿಂದರ್ತಾರೆ." ನಾನು ನಕ್ಕೆ. ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು ವಾರವೆಲ್ಲ ಬಿಚ್ಚಿ ಬಿಚ್ಚಿ ನೋಡಿದೆ.

ಆರನೇ ಗುರುವಾರ ಒಂದು ಗಂಟೆ ಮೊದಲೇ ಹೋದೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. "ಮ್ಯಾಲೆ ಅದಾರೆ" ಎಂದರು ಮೌಲಾ ಸಾಬ್. ಮೆಟ್ಟಿಲು ಹತ್ತಿ ಹೋದೆ. ಬಾಗಿಲು ತೆರೆದೇ ಇತ್ತು. ಇವರು ಗೋಡೆಯ ಕಡೆ ಓರೆಯಾಗಿ ಕೂತು ಪೂಜೆ ಮಾಡುತ್ತಿದ್ದರು. ಅಲ್ಲಿ ಬೇರೆ ಕೋಣೆ ಎಲ್ಲಿದೆ? ಕಟ್ಟಳೆಯ ಪ್ರಕಾರ ನಾನು ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ.

ಮೂವತ್ತೊಂದು ವರ್ಷ ಸಂಸಾರ ಮಾಡಿದೆ, ಅವರ ಅಂಗೈಯನ್ನು ಆ ಹೊತ್ತಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅದು ನಡುಗುತ್ತಿತ್ತು ಬುಷ್ರಾ. ಲಿಂಗದ ಮೇಲಿಟ್ಟಿದ್ದ ಬಿಲ್ವದ ಎಲೆ ಗಾಳಿಯಿಲ್ಲದೆ ಅದುರುತ್ತಿತ್ತು. ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದುಕೊಂಡಿದ್ದರು. ಕಣ್ಣು ಎವೆಯಿಕ್ಕುತ್ತಿರಲಿಲ್ಲ. ಉಸಿರು ದೊಡ್ಡದಾಗಿ ಬರುತ್ತಿತ್ತು, ಮೆಲ್ಲಗೆ ಚಿಕ್ಕದಾಯಿತು. ಹತ್ತು ನಿಮಿಷ ಹಿಡಿಯಿತೇನೋ, ಎಲೆ ಅದುರುವುದು ನಿಂತಿತು.

ಇದನ್ನೇ ಅಲ್ಲವೇ ನಾನು ಸೊಕ್ಕು ಅಂದದ್ದು? ಭಾನುವಳ್ಳಿಯಲ್ಲಿ ಆ ಮಧ್ಯಾಹ್ನ ಬಾಗಿಲು ದೂಡಿ ಒಳಗೆ ಒಂದು ಹೆಜ್ಜೆ ಇಟ್ಟಿದ್ದರೆ ಇದೇ ಅಂಗೈ ಕಾಣುತ್ತಿತ್ತು. ತಾಯಿಗೆ ಎದುರಾಡಲು ಬಾಯಿ ಬಾರದೆ, ನನಗೆ ಮುಖ ತೋರಿಸಲೂ ಆಗದೆ ಒಳಗೆ ಹೋಗಿ ನಡುಗುತ್ತಾ ಕೂತಿದ್ದ ಮನುಷ್ಯ ಕಾಣುತ್ತಿದ್ದರು. ನಾನು ಹೊರಗೆ ಪಾತ್ರೆ ಕುಕ್ಕುತ್ತಿದ್ದೆ. ಪ್ರತಿ ಸದ್ದಿಗೂ ಆ ಕೈ ಎಷ್ಟು ಅದುರಿತ್ತೋ! ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಮೆಟ್ಟಿಲ ಮೇಲೆ ಇಳಿದು ಹೋಯಿತು. ಉಳಿದದ್ದನ್ನು ಏನಂತ ಕರೆಯಬೇಕೋ ಗೊತ್ತಿಲ್ಲ. ಪ್ರೀತಿ ಅಂದರೆ ಈ ವಯಸ್ಸಿನಲ್ಲಿ ನೀನು ನಗುತ್ತೀಯ.

ಈಗ ಆರು ವಾರದಿಂದ ಹೋಗಿಲ್ಲ. ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಎತ್ತರ, ಹತ್ತಲಾಗುವುದಿಲ್ಲ. ಫೋನಿನಲ್ಲಿ ಹೇಳಿದಾಗ ಇವರು, "ಎಣ್ಣಿ ಹಚ್ಚು" ಎಂದರು. ಹಚ್ಚುತ್ತಿದ್ದೇನೆ ಎಂದೆ. ಒಬ್ಬಳಿಗೆ ಅಡಿಗೆ ಏನು ದೊಡ್ಡದು, ಬೆಳಿಗ್ಗೆ ಮಾಡಿದ್ದೇ ಸಂಜೆಗೂ ಆಗುತ್ತದೆ. ಮಳೆ ಪರವಾಗಿಲ್ಲ, ನೀರು ಬರುತ್ತಿದೆ, ಯಾವುದಕ್ಕೂ ಕೊರತೆಯಿಲ್ಲ.

ನಿನ್ನ ಹೊಸ ಕಣ್ಣಿಗೆ ದೃಷ್ಟಿ ತಾಗದಿರಲಿ. ನಿನ್ನ ತಂಗಿಯ ಮನೆ ತಣ್ಣಗಿರಲಿ. ನಾವಿಬ್ಬರೂ ಮುಂದಿನ ಉಗಾದಿಯ ಬೇವು ಬೆಲ್ಲ ಒಟ್ಟಿಗೆ ತಿನ್ನುವಷ್ಟು ಆಯಸ್ಸು ದೇವರು ಕೊಡಲಿ, ನಿನ್ನವನಾದರೂ ಸರಿ ನನ್ನವನಾದರೂ ಸರಿ.

ನಿನ್ನ
ನಾಗಿ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿ ಮತ್ತೆ ತೆಗೆದೆ. ಮೊಣಕಾಲು ನೋವಿಲ್ಲ ಬುಷ್ರಾ. ಇವರಿಗೆ ಸುಳ್ಳು ಹೇಳಿದೆ, ನಿನಗೂ ಹೇಳಿದೆ.

ಆ ಆರನೇ ಗುರುವಾರ ಪೂಜೆ ಮುಗಿದ ಮೇಲೆ ಕೆಳಗೆ ಗಿರಾಕಿ ಕೂಗಿದ, ಇವರು ಇಳಿದು ಹೋದರು. ಸ್ಟೂಲಿನ ಮೇಲೆ ಬಿಪಿ ನೋಟ್‌ಬುಕ್ಕಿತ್ತು. ತೆಗೆದು ನೋಡಿದೆ. ಮನೆಯಲ್ಲಿದ್ದ ದಿನಗಳಲ್ಲಿ ನೂರಾ ಅರವತ್ತಕ್ಕೆ ಕಡಿಮೆ ಒಂದೂ ಇಲ್ಲ. ಹರಿಹರಕ್ಕೆ ಬಂದ ಎರಡನೇ ವಾರದಿಂದ ೧೨೮/೮೨, ೧೨೬/೮೦, ೧೩೦/೮೪. ದಿನಾ ಹಾಗೇ, ಆ ಎರಡು ಭಾನುವಾರ ಬಿಟ್ಟರೆ. ಮಾತ್ರೆ ಕೆಲಸ ಮಾಡುತ್ತಿದೆ ಅಂತ ಖುಷಿಯಾಗಿ ಹಾಳೆ ತಿರುವಿದೆ. ಒಂದು ದಿನ ೧೫೬/೯೪. ಏಳು ದಿನ ಬಿಟ್ಟು ೧೫೮/೯೬. ಮತ್ತೆ ಏಳು ದಿನಕ್ಕೆ ೧೫೨/೯೨. ಪಕ್ಕದಲ್ಲಿ ವಾರದ ಹೆಸರು ಬರೆದಿರಲಿಲ್ಲ. ನಾನೇ ಬೆರಳು ಮಡಚಿ ಎಣಿಸಿದೆ. ಎಲ್ಲ ಗುರುವಾರ. ಸಂಜೆಯದು ಅಷ್ಟೇ ಅಲ್ಲ, ಎರಡನೇ ಗುರುವಾರದಿಂದ ಬೆಳಿಗ್ಗೆಯದೂ. ನಾನಿನ್ನೂ ರೊಟ್ಟಿ ತಟ್ಟುತ್ತಿದ್ದ ಹೊತ್ತಿಗೇ ಅವರದು ಏರಿತ್ತು.

ಬೀಗ ಹಾಕಿಕೊಂಡು ಹೋದ ಬಾಯಿ, ಬಡಿಸಿದ ರೊಟ್ಟಿ, ಕಿಟಕಿಯಲ್ಲಿ ಕೂತದ್ದು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನಾನು ಬರುತ್ತೇನೆ ಅನ್ನುವುದೇ ಆ ಜೀವಕ್ಕೆ ಸಾಕು. ನೋಟ್‌ಬುಕ್ಕು ಇದ್ದ ಹಾಗೇ ಇಟ್ಟು, ಅವತ್ತು ಎರಡರ ಬಸ್ಸಿಗೇ ಬಂದುಬಿಟ್ಟೆ. ನಾನು ದೂರವಿದ್ದರೆ ಆ ಮನುಷ್ಯ ಹತ್ತು ವರ್ಷ ಜಾಸ್ತಿ ಬಾಳುವುದಾದರೆ ದೂರವೇ ಇರುತ್ತೇನೆ. ಹೆಂಡತಿಯಾಗಿ ಮಾಡಬಹುದಾದ ದೊಡ್ಡ ಸೇವೆ ಹೋಗದೇ ಇರುವುದು ಅಂತ ನಿರ್ಧರಿಸಿ ಆರು ವಾರ ಕಳೆದೆ.

ಆದರೆ ಏಳಕ್ಕೆ ಆರು ಕೊಟ್ಟವರು ಅವರೇ ಅಲ್ಲವೇ?

ಹೋದ ವಾರ ನನಗೂ ಒಂದು ಯಂತ್ರ ತಂದುಕೊಂಡೆ, ನನ್ನದು ಹೇ​ಗಿದೆ ನೋಡೋಣ ಅಂತ. ಬೆಳಿಗ್ಗೆ ೧೧೮. ಮಧ್ಯಾಹ್ನ ೧೨೦. ಸಂಜೆ ಏಳೂವರೆಗೆ ೧೪೮. ಕೆಟ್ಟಿರಬೇಕೆಂದು ಮರುದಿನ ನೋಡಿದೆ, ಅದರ ಮರುದಿನವೂ ನೋಡಿದೆ. ಏಳೂವರೆಗೇ ಏರುತ್ತದೆ, ಎಂಟೂವರೆಗೆ ಇಳಿಯುತ್ತದೆ. ನನ್ನ ಪಾಡಿಗೆ ಕುರ್ಚಿಯಲ್ಲಿ ಕೂತಿರುತ್ತೇನೆ. ಏಳೂವರೆ ಅಂದರೆ ಇಪ್ಪತ್ತಾರು ವರ್ಷ ಇವರ ಸ್ಕೂಟರು ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದ ಹೊತ್ತು.

ನಾನು ಅವರಿಗೆ ಜನ್ಮದಲ್ಲಿ ಹೆದರಿದವಳಲ್ಲ. ಹಾಗಾದರೆ ನನ್ನದು ಯಾಕೆ ಏರುತ್ತದೆ?

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಜನರ ತೋಳಿಗೆ ಪಟ್ಟಿ ಕಟ್ಟಿದವಳು ನೀನು. ಹೆದರಿಕೆಗೆ ಏರಿದ ಬಿಪಿ ಯಾವುದು, ದಾರಿ ಕಾದು ಏರಿದ್ದು ಯಾವುದು ಅಂತ ಆ ಯಂತ್ರಕ್ಕೆ ಗೊತ್ತಾಗುತ್ತದೆಯೇ? ಇವರನ್ನೇ ಕೇಳೋಣವೆಂದರೆ, ಕೇಳಿದ ಗಳಿಗೆ ಅವರಿಗೆ ಮಾತು ಹೊರಡುವುದಿಲ್ಲ. ನೀನೇ ಹೇಳಬೇಕು. ಬೇಗ ಬರಿ. ಜೋಳ ಬೀಸಿಸಿ ತಂದಿಟ್ಟಿದ್ದೇನೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಹರಿಯುತ್ತದೆ.